ಮುಚ್ಚಳ ತೆರೆದಿಟ್ಟ ಕ್ಯಾಮೆರಾ

ಅಗ್ಗದ ಕ್ಯಾಮೆರಾ ತಂದದ್ದರಿಂದ ಸಿನಿಮಾ ಹಾಳಾಯಿತೆಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಗ್ಗದ್ದು ಹೌದು, ಹಳೆಯದೂ ಹೌದು. ಕೆಟ್ಟದ್ದೆನ್ನಲು ಸಾಕ್ಷಿ ಎಲ್ಲಿದೆ? ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ವಾದಕ್ಕೆ ಗಂಟೆ ಬಾರಿಸಿ ಕೂರಿಸುತ್ತಾರೆ. ಮನೆಯಲ್ಲಿ ಗಂಟೆಯೇ ಇಲ್ಲ.

ಕಡಬದ ಹತ್ತಿರದ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ ಅಜ್ಜನ ದೋಣಿಯನ್ನು ಸೇತುವೆ ಮುಗಿಯುವ ಮೊದಲೇ ಚಿತ್ರೀಕರಿಸಬೇಕಿತ್ತು. "ನಾನು ಗಳ ಹಾಕಿ ದೋಣಿ ನೂಕುದು ಊರೆಲ್ಲ ನೋಡಿದೆ, ನಾನೊಬ್ಬ ನೋಡ್ಲಿಲ್ಲ ಮಾರಾಯ್ರೆ" ಎಂದಿದ್ದರು ಅವರು. ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ.

ದುಡ್ಡು ಮಾವನದು. ಪುತ್ತೂರಿನಲ್ಲಿ ಬೊಂಬಾಯಿಯ ಹಳೆ ಸಾಮಾನು ಮಾರುವ ಅಂಗಡಿಯಲ್ಲಿ ಕೀಲಿ ಕೊಟ್ಟು ಓಡಿಸುವ ಎಂಟು ಮಿಲಿಮೀಟರಿನ ಕ್ಯಾಮೆರಾ ಸಿಕ್ಕಿತು. ಉಳಿದ ದುಡ್ಡಿನಲ್ಲಿ ಫಿಲ್ಮ್ ಜೋಡಿಸುವ ಸ್ಪ್ಲೈಸರ್ ಬರುತ್ತಿತ್ತು, ಇಲ್ಲವೇ ಚರ್ಮದ ಚೀಲ.

"ಹೊಸಬರಿಗೆ ಸ್ಪ್ಲೈಸರ್ ಬೇಕೇ ಬೇಕು. ಹಾಳಾದ್ದು ಕತ್ತರಿಸಿ ಒಳ್ಳೆದು ಅಂಟಿಸಬಹುದು" ಎಂದರು ಅಂಗಡಿಯವರು.

"ಹಾಳಾದ್ದು ತೆಗೆಯುದೇ ಎಂತಕ್ಕೆ?" ಎಂದರು ಮಾವ. "ಮೊದಲೇ ಸರಿಯಾಗಿ ತೆಗೆದ್ರೆ ಆಯ್ತಲ್ಲ."

"ಹಾಗಾದ್ರೆ ನೀವು ತರಕಾರಿಯನ್ನು ಸಿಪ್ಪೆ ಸಮೇತ ತಿನ್ನುದಾ ಮಾವ?"

ಅಂಗಡಿಯವರು ನಕ್ಕರು. ಮಾವ ಚೀಲ ಕೊಂಡರು.

ಆ ಕ್ಯಾಮೆರಾದ ಫಿಲ್ಮನ್ನು ಒಂದು ಅಂಚಿನಲ್ಲಿ ಓಡಿಸಿ, ಸುರುಳಿ ತಿರುಗಿಸಿ, ಇನ್ನೊಂದು ಅಂಚಿನಲ್ಲಿ ಓಡಿಸಬೇಕು. ಮೊದಲ ಓಟದಲ್ಲೇ ಅಜ್ಜನನ್ನು ತೆಗೆದಿದ್ದೆ. ಉಳಿದರ್ಧವನ್ನು ಆಮೇಲೆ ನೋಡೋಣವೆಂದು ಚರ್ಚಾಸ್ಪರ್ಧೆಗೆ ಸುಳ್ಯಕ್ಕೆ ಹೋದೆ. ಶಾರದಾ ಪೂಜೆಯ ಸಂಜೆ ಮರಳಿದಾಗ ಕತ್ತಿ, ಪುಸ್ತಕ, ಹಾರೆಗಳ ನಡುವೆ ನನ್ನ ಕ್ಯಾಮೆರಾ ಮುಚ್ಚಳ ತೆರೆದು ಕೂತಿತ್ತು. ಫಿಲ್ಮ್ ಸುರುಳಿಯ ಮೇಲೆ ಗಂಧದ ಬೊಟ್ಟು.

"ಪುಸ್ತಕವನ್ನೂ ಬಿಡಿಸಿಯೇ ಇಡುದಲ್ವಾ?" ಎಂದರು ಮಾವ. "ಮುಚ್ಚಿಟ್ರೆ ದೇವಿಗೆ ಒಳಗಿನದ್ದು ಕಾಣುದು ಹೇಗೆ?"

"ಬೆಳಕು ಬಿದ್ರೆ ಫಿಲ್ಮ್ ಹಾಳಾಗ್ತದೆ."

"ದೇವರ ದೀಪದ ಬೆಳಕಲ್ವಾ ಅದು?"

ಇದಕ್ಕೆ ಪ್ರತಿವಾದ ಯಾವ ಚರ್ಚಾಕೂಟದಲ್ಲೂ ಕಲಿಸುವುದಿಲ್ಲ. ಬೊಂಬಾಯಿಯಲ್ಲಿ ತೊಳೆಸಿಕೊಂಡು ಫಿಲ್ಮ್ ಬರುವಷ್ಟರಲ್ಲಿ ಸೇತುವೆ ಮೇಲೆ ಬಸ್ಸು ಓಡುತ್ತಿತ್ತು, ದೋಣಿ ದಡದಲ್ಲಿ ಬೋರಲು ಬಿದ್ದಿತ್ತು. ಬೆಳಕು ಬಿದ್ದು ಬಿಳಿಯಾದ ಕೆಲವು ಭಾಗಗಳನ್ನು ಕತ್ತರಿಯಿಂದ ತೆಗೆದು, ತುದಿಗಳನ್ನು ಕೈಯಿಂದಲೇ ಅಂಟಿಸಿ ನೋಡಿದೆ. ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿ ಪ್ರತಿ ಅಂಟೂ ಬಿಟ್ಟುಕೊಂಡಿತು. ಇನ್ನಷ್ಟು ಹರಿದೀತೆಂದು, ಕತ್ತರಿಸದೆ ಉಳಿದ ಉದ್ದ ತುಂಡನ್ನು ಬಿಳಿ ಸಮೇತ ಹಾಗೆಯೇ ಬಿಟ್ಟೆ.

ಪುತ್ತೂರಿನ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಡಿಗೆ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಗೋಡೆಯ ಮೇಲೆ ನೀರು ಕಂಡಿತು, ಗಳ ಕಂಡಿತು, ಆಮೇಲೆ ಬರೀ ಬಿಳಿ. ಒಂದು ಕೈ ಕಂಡಿತು, ಮತ್ತೆ ಬಿಳಿ.

"ನನ್ನ ಮುಖ ಬರುವಾಗ ಬಿಳಿ ಆಗ್ತದಲ್ಲ" ಎಂದರು ಅಜ್ಜ.

"ಅಗ್ಗದ್ದು ತಂದ್ರೆ ಹೀಗೇ" ಎಂದರು ಮಾವ. "ಇವನಿಗೆ ಹೇಳಿದ್ರೆ ಕೇಳ್ಬೇಕಲ್ಲ."

ಅಜ್ಜ ನನ್ನ ಕಡೆ ತಿರುಗಿದರು. ನಾನು ಮಾವನ ಕಡೆ ತಿರುಗಿದೆ.

"ಮಾವ, ಪೂಜೆ ದಿನ ಮುಚ್ಚಳ ತೆಗೆದದ್ದು ಯಾರೂಂತ ಇವರಿಗೆ ಯಾಕೆ ಹೇಳುದಿಲ್ಲ?"