ಕಾಕೂ ಕೂಡುವ ಬದಿಯ ಟೈರು

ಬೈಲಹೊಂಗಲದ ಟೈರ್ ಅಂಗಡಿಯ ಮುಂದೆ ಕುಳಿತಿದ್ದೇನೆ. ಹೊಸ ರಬ್ಬರಿನ ವಾಸನೆ ನಿಮಗೂ ಗೊತ್ತಿರಬೇಕು. ಹಲವರಿಗೆ ಅದು ಹಿಡಿಸುತ್ತದಂತೆ. ನನಗೆ ಮಾತ್ರ ಅದು ಮೂಗಿಗೆ ಬಡಿದೊಡನೆ ಕೈ ತಾನಾಗಿ ಮುಂದಿನ ಸೀಟಿನ ಬೆನ್ನು ಹುಡುಕುತ್ತದೆ. ಇಲ್ಲಿ ಸೀಟಿಲ್ಲ, ಕೂತ ಸ್ಟೂಲಿದೆ. ಅದನ್ನೇ ಹಿಡಿದುಕೊಂಡಿದ್ದೇನೆ.

ಅಂಗಡಿಯವನು ನನ್ನ ಕಾರಿನ ಮುಂದಿನ ಎಡಗಾಲಿ ತೋರಿಸಿ, "ಹೊರಗಿನ ಅಂಚ ಪೂರಾ ಸವದೈತ್ರಿ. ಒಳಗ ಹೊಸಾದರಂಗ ಐತಿ. ಬದ್ಲಿ ಮಾಡೂಣೇನ್ರಿ?" ಎಂದ. ಅವನಿಗೆ ಉತ್ತರ ಕೊಡುವ ಮೊದಲು ನಿಮಗೆ ಕಾಕಾನ ವಿಷಯ ಹೇಳಬೇಕು.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಹತ್ತಿ ವ್ಯಾಪಾರಿ. ತೊಂಬತ್ತರ ದಶಕದಲ್ಲಿ ಒಂದು ಹಳೆಯ ಬಿಳಿ ಕಾರು ಕೊಂಡಿದ್ದ. ಸವದತ್ತಿ ಕಡೆಯ ಎರೆಹೊಲಗಳಿಗೆ ಹತ್ತಿ ನೋಡಲು ಹೋದರೆ ಕಾರನ್ನು ರಸ್ತೆಯಲ್ಲಿ ನಿಲ್ಲಿಸುವುದು ಅವನಿಗೆ ಅವಮಾನ. ಒಡ್ಡು ಹತ್ತಿಸಿ ಇಳಿಸಿ, ಬೆಳೆಯ ಬುಡಕ್ಕೇ ಒಯ್ಯುತ್ತಿದ್ದ. ಒಮ್ಮೆ ಒಡ್ಡಿನ ಕಲ್ಲಿಗೆ ಎಡಗಾಲಿ ಬಲವಾಗಿ ಬಡಿಯಿತು. ಕಾಕಾ ಇಳಿದು ನೋಡಿ, ಕಲ್ಲಿಗೆ ಏನೂ ಆಗಿಲ್ಲವೆಂದು ಮತ್ತೆ ಹತ್ತಿದ.

ಕೆಲವು ತಿಂಗಳಲ್ಲಿ ಎಡ ಟೈರಿನ ಹೊರ ಅಂಚು ನುಣ್ಣಗಾಯಿತು. ಸ್ಟೇರಿಂಗ್ ಸಡಿಲ ಬಿಟ್ಟರೆ ಕಾರು ಎಡಕ್ಕೆ ಸರಿಯುತ್ತಿತ್ತು. ಕಾಕಾ ಟೈರನ್ನು ನೋಡಿದ, ಆಮೇಲೆ ತನ್ನ ಹೆಂಡತಿಯನ್ನು, ಎಂದರೆ ನಮ್ಮ ಕಾಕೂಳನ್ನು ನೋಡಿದ. ಕಾಕೂ ದಪ್ಪನೆಯ ಹೆಂಗಸು. ಮುಂದಿನ ಎಡ ಸೀಟಿನಲ್ಲಿ ಕುಳಿತು, ಮೊಣಕೈ ಕಿಟಕಿಯ ಹೊರಗಿಟ್ಟು, ದಾರಿಯ ಪ್ರತಿ ಊರಿನಲ್ಲೂ ಬಳಗದವರನ್ನು ಹುಡುಕುವವಳು.

"ನೀ ಹೊರಗ ವಾಲಿ ಕುಂದರ್ತಿ. ಅದಕ್ಕ ಹೊರಗಿನ ಅಂಚ ಸವದೈತಿ."

"ಮತ್ತ ಕಾರ್ ಎಡಕ್ಕ ಯಾಕ ಎಳೀತೈತ್ರಿ?"

"ರಾಮದುರ್ಗ ನಿನ್ನ ತವರಮನಿ. ಆ ಕಡೆ ಎಳೀತೈತಿ."

"ರಾಮದುರ್ಗದಿಂದ ಬರೂವಾಗೂ ಎಡಕ್ಕ ಎಳೀತೈತಲ್ರಿ?"

ಹೆಂಗಸರ ಜೊತೆ ಗಾಡಿಯ ಮಾತು ಬೇಡವೆಂದು ಕಾಕಾ ಎದ್ದು ಹೋದ.

ಹೊಸ ಟೈರು ಬಂದವು. ನಮ್ಮಲ್ಲಿ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟೇ ಹೊರಡುವುದು. ಕಾಕೂನೇ ಇಟ್ಟಳು, ಕುಂಕುಮ ಹಚ್ಚಿದಳು. ಕಾಕಾ ಹಣ್ಣುಗಳ ಮೇಲೆ ಗಾಲಿ ಹಾಯಿಸಿ ಅವಳನ್ನು ಬಿಟ್ಟು ಹೋದ. ಅಲ್ಲಿಂದ ಮುಂದೆ ಅವಳು ಎಲ್ಲಮ್ಮನ ಗುಡ್ಡಕ್ಕೂ ಬಸ್ಸಿನಲ್ಲೇ ಹೋದಳು. ಬಸ್ಸಿನಲ್ಲಿ ಸಿಕ್ಕ ಬೀಗರು, "ಮನ್ಯಾಗ ಕಾರ್ ಇದ್ದು ಬಸ್ಸಿಗ್ಯಾಕ ಬಂದೀರಿ?" ಎಂದರೆ, "ನಾ ಕುಂತ್ರ ಟೈರ್ ಸವೀತಾವಂತ್ರಿ," ಎನ್ನುವಳು. ಬೀಗರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಕಾನ ಜೊತೆ ನಾನೂ ಕಿತ್ತೂರಿಗೆ ಹೊರಟಿದ್ದೆ. ತೂಕ ಎಡಕ್ಕೆ ಬೀಳಬಾರದೆಂದು ನನ್ನನ್ನು ತನ್ನ ಹಿಂದಿನ ಸೀಟಿನಲ್ಲಿ ಕೂಡಿಸಿದ್ದ. ಮುಂದಿನ ಎಡ ಸೀಟಿನಲ್ಲಿ ಅವನ ಟವೆಲ್ ಮಾತ್ರ ಇತ್ತು. ಮೊದಲು ಟೈರು ಒಡೆದ ಶಬ್ದ. ನಂತರ ಕಾಕಾನ ಕೈಯಲ್ಲಿ ಸ್ಟೇರಿಂಗ್ ತಾನೇ ತಿರುಗಿದ್ದು. ನಂತರ ಜಾಲಿಮರ. ಇದೇ ಕ್ರಮದಲ್ಲಿ ಆಯಿತು. ಎಷ್ಟೋ ಸಲ ನೆನೆದು ನೋಡಿದ್ದೇನೆ. ರಬ್ಬರಿನ ವಾಸನೆಯ ನಡುವೆ ನಾನು ಕಾಕಾನ ಸೀಟಿನ ಬೆನ್ನು ಹಿಡಿದೇ ಕೂತಿದ್ದೆ. ನಮ್ಮಿಬ್ಬರಿಗೂ ಏನೂ ಆಗಲಿಲ್ಲ. ಎಡ ಬಾಗಿಲು ಮಾತ್ರ ಸೀಟಿನ ಮೇಲೆ ಬಂದು ಕೂತಿತ್ತು. ಟವೆಲ್ ಎಳೆದರೂ ಬರಲಿಲ್ಲ.

ಒಡೆದ ಎಡ ಟೈರಿನ ಹೊರ ಅಂಚು ನುಣ್ಣಗೆ ಸವೆದಿತ್ತು. ಕಾಕೂ ಆ ಟೈರಿನ ಮೇಲೆ ಒಂದು ದಿನವೂ ಕೂತಿರಲಿಲ್ಲ.

ಕಿತ್ತೂರಿನ ಗಾಡಿ ಮಿಸ್ತ್ರಿ ಬಂದು ಅದರ ಮೇಲೆ ಅಂಗೈ ಆಡಿಸಿದ. ನಮ್ಮ ಕೈಯನ್ನೂ ಆಡಿಸಿದ. ಹೊರಗಿನಿಂದ ಒಳಕ್ಕೆ ಸವರಿದರೆ ನುಣುಪು. ಒಳಗಿನಿಂದ ಹೊರಕ್ಕೆ ಸವರಿದರೆ ಗರಗಸ. "ಸ್ಟೇರಿಂಗ್ ರಾಡ್ ಬಾಗೇತ್ರಿ. ಗಾಲಿ ಸೊಟ್ಟ ಓಡೇತಿ. ಎಲ್ಲೆರ ಕಲ್ಲಿಗೆ ಹೊಡದಿದ್ರೇನ್ರಿ?"

ಕಾಕಾ ಇಲ್ಲವೆಂದ.

ಮನೆಯಲ್ಲಿ ಕಾಕೂ ನೀರು ಕೊಟ್ಟಳು. ಅವನು ತಂಬಿಗೆ ಎತ್ತಿ ಕುಡಿದು ಕೆಳಗಿಟ್ಟ. "ನೀ ಇದ್ದಿದ್ರ ಹೋಗೇಬಿಡ್ತಿದ್ದಿ. ನಾ ಇಳಿಸಿದ್ದ ಛಲೋ ಆತ ನೋಡು," ಎಂದ.

"ಅದಿರ್ಲಿ. ಟೈರ್ ನಾ ಸವಸಿದ್ನೇನ್ರಿ?"

ಕಾಕಾ ನನ್ನತ್ತ ನೋಡಿದ. ನಾನು ನೆಲ ನೋಡಿದೆ.

"ಇಲ್ಲ."

"ಹಂಗಂತ ಬೀಗರ ಮುಂದ ಹೇಳ್ರಿ. ಬಸ್ಸಿನ್ಯಾಗ ಬಾಳ ಮಂದಿಗೆ ಗೊತ್ತಾಗೇತಿ."

ಹೇಳಿದ. ಮದುವೆಯ ಪಂಕ್ತಿಯಲ್ಲಿ, ಹತ್ತಿ ಹರಾಜಿನ ಸವಾಲಿನ ನಡುವೆ, ಯಾರೂ ಕೇಳದಿದ್ದರೂ ಹೇಳಿದ: "ರಾಡ್ ಬಾಗಿತ್ರಿ. ಅಕಿದೇನ ತಪ್ಪಿರಲಿಲ್ಲ." ಕಲ್ಲಿನ ಮಾತು ಮಾತ್ರ ಕೊನೆಯವರೆಗೂ ಎತ್ತಲಿಲ್ಲ. ಕಾಕೂನೂ ಕೇಳಲಿಲ್ಲ. ಬಾಗಿಲು ರಿಪೇರಿಯಾದ ಮೇಲೆ ಬಂದು ಅದೇ ಸೀಟಿನಲ್ಲಿ ಕುಳಿತಳು, ಮೊಣಕೈ ಹೊರಗಿಟ್ಟು.

ಅಂಗಡಿಯವನು ಕಾಯುತ್ತಿದ್ದಾನೆ. ಎದ್ದು ಟೈರಿನ ಮೇಲೆ ಅಂಗೈ ಆಡಿಸಿದೆ. ಒಳಕ್ಕೆ ನುಣುಪು, ಹೊರಕ್ಕೆ ಗರಗಸ.

"ಟೈರ್ ಆಮ್ಯಾಲ. ಮೊದಲ ಗಾಲಿ ಸೊಟ್ಟ ಐತೇನ ನೋಡ್ರಿ," ಎಂದೆ.

ಅವನು ನೆರಳಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅಕ್ಕಾರು ಯಾವಾಗಲೂ ಈ ಕಡೆ ಕುಂದರ್ತಾರೇನ್ರಿ?" ಎಂದ.

"ಕುಂದರ್ತಾರ. ನೀವು ರಾಡ್ ನೋಡ್ರಿ."

ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ. ಹಿಡಿದಿದ್ದ ಸ್ಟೂಲನ್ನು ಬಿಟ್ಟು ಬಂದಿದ್ದೇನೆಂದು ಆಮೇಲೆ ಗೊತ್ತಾಯಿತು.