ಇದ್ದಿಲಿನಲ್ಲಿ ನೋಡಿದ ಓದಿನ ಊರು

ಸುದ್ದಿ ಮೊದಲು ಹೇಳಿಬಿಡುತ್ತೇನೆ, ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ: ನನಗೆ ಮೊಮ್ಮಗಳು ಹುಟ್ಟಿದಳು. ತಲೆ ತುಂಬ ಕೂದಲು, ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ. ಈಗ ಅಂಬೆಗಾಲಿಡುತ್ತಾಳೆ. ನಾನು ಬರೆಯಲು ಕೂತರೆ ಬಂದು ಹಾಳೆಯ ಮೇಲೇ ಕೂಡುತ್ತಾಳೆ, ಎತ್ತಿ ಆಚೆ ಇಟ್ಟರೆ ಮತ್ತೆ ಬರುತ್ತಾಳೆ. ಈ ಬರಹ ಅಲ್ಲಲ್ಲಿ ಕಡಿದು ಹೋಗಿದ್ದರೆ ಅರ್ಧ ಕಾರಣ ಅವಳು. ಇನ್ನರ್ಧ ನಾನೇ. ಐಗಳ ಮಠದಲ್ಲಿ ಎರಡು ವರ್ಷ ಕೂತಿದ್ದೆ, ಅಕ್ಷರ ಕೂಡಿಸಿ ಓದುವುದು ಬಂತು ಅನ್ನುವಷ್ಟರಲ್ಲಿ ನನ್ನ ಮದುವೆಯಾಯಿತು.

ಅವಳು ಹುಟ್ಟಿದ್ದು ಗದ್ವಾಲಿನಲ್ಲಿ, ನನ್ನ ಮನೆಯಲ್ಲಿ. ಆದರೆ ಆಗ ನಾನು ಮನೆಯಲ್ಲಿರಲಿಲ್ಲ. ಹೈದರಾಬಾದಿನ ಒಂದು ಛತ್ರದಲ್ಲಿ, ಹೊರಗಿನಿಂದ ಬೀಗ ಜಡಿದ ಬಾಗಿಲೊಳಗೆ ಕೂತಿದ್ದೆ.

ನಮ್ಮ ಓಣಿಯ ಮಾಸ್ತರರು ಹೈದರಾಬಾದಿನ ದೊಡ್ಡ ವಿದ್ಯಾಲಯದಲ್ಲಿ ಓದಿ ಬಂದವರು. ವರ್ಷಕ್ಕೊಮ್ಮೆ ಒಂದಿಷ್ಟು ಮಂದಿಯನ್ನು ಕಟ್ಟಿಕೊಂಡು ಹೋಗಿ, ತಾವು ಓದಿದ ಕಟ್ಟಡ, ಚಾರ್‌ಮಿನಾರ್, ಹೊಳೆಯ ಸೇತುವೆ ಎಲ್ಲ ತೋರಿಸಿಕೊಂಡು ಬರುತ್ತಿದ್ದರು. ಆ ವರ್ಷ ಹೆಂಗಸರೂ ಬರಬಹುದು ಎಂದರು. ಆ ವಿದ್ಯಾಲಯದಂಥ, ಓದಿಗೆಂದೇ ಕಟ್ಟಿದ ಊರು ಹೇಗಿರುತ್ತದೆ ಎಂದು ನೋಡುವ ಆಸೆ ನನಗೆ ಮಠದಲ್ಲಿ ಪಾಟಿ ಹಿಡಿದ ದಿನದಿಂದ ಇತ್ತು. ನಮ್ಮ ಯಜಮಾನರು ಮಗ್ಗದಿಂದ ತಲೆ ಎತ್ತದೆಯೇ ಹೋಗಿ ಬಾ ಅಂದರು.

ಮಗಳು ಆಗ ಮನೆಯಲ್ಲಿದ್ದಳು. ಅವಳನ್ನು ಕೃಷ್ಣೆಯ ಆಚೆ ದಂಡೆಯ ಮಖ್ತಲ್‌ಗೆ ಕೊಟ್ಟಿದ್ದೆವು, ಚೊಚ್ಚಲ ಹೆರಿಗೆಗೆ ಕರೆತಂದಿದ್ದೆವು. ಅವಳ ಅತ್ತೆ, ಅಂದರೆ ನನ್ನ ಬೀಗತಿ, ಹೆರಿಗೆ ಮಖ್ತಲ್‌ನಲ್ಲೇ ಆಗಲಿ ಎಂದು ಹಟ ಹಿಡಿದಿದ್ದರು. ಮೊದಲ ಹೆರಿಗೆ ತವರಿನದು, ಆ ಕೂಸಿನ ಮೈಗೆ ಮೊದಲ ನೀರು ನನ್ನ ಕೈಯಿಂದಲೇ ಬೀಳಬೇಕು ಎಂದು ನಾನು ಎದುರು ಮಾತಾಡಿ ಗೆದ್ದಿದ್ದೆ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಇನ್ನೂ ತಿಂಗಳು ಐತಿ, ಆರಾಮ ಹೋಗಿ ಬಾ ಅಂದಳು. ಬಾಣಂತನದ ಸಾಮಾನೆಲ್ಲ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ: ತುಪ್ಪದ ಗಡಿಗೆ, ಒಣಶುಂಠಿ, ಅಜವಾನ, ಕೊಬ್ಬರಿ, ಬೆಲ್ಲ, ತೊಳೆದು ತೊಳೆದು ಅರಳೆಯಷ್ಟು ಮೆತ್ತಗಾದ ನನ್ನ ಹಳೆ ಸೀರೆಗಳು. ಬೀಗ ಹಾಕಿದ್ದು ಕಳ್ಳರಿಗೆ ಹೆದರಿ ಅಲ್ಲ. ಕೊಬ್ಬರಿ ಬೆಲ್ಲ ಕಂಡರೆ ಯಜಮಾನರ ಕೈ ಸುಮ್ಮನಿರುವುದಿಲ್ಲ.

ಇಂಡಿಯಾದ ದಂಡು ಬರುತ್ತದೆ, ನಿಜಾಮರ ರಾಜ್ಯ ಹೋಗುತ್ತದೆ ಎಂದು ತಿಂಗಳುಗಟ್ಟಲೆ ಕೇಳಿ ನಮ್ಮ ಕಿವಿ ಮರಗಟ್ಟಿದ್ದವು. ಇನ್ನೊಂದು ವಾರ ಕೇಳಿದರೆ ಏನಾದೀತು ಎಂದು ರೈಲು ಹತ್ತಿದೆವು. ಸಂಜೆ ಹೈದರಾಬಾದಿನ ಛತ್ರ ಸೇರಿ, ಬುತ್ತಿಯ ರೊಟ್ಟಿ ತಿಂದು ಮಲಗಿದೆವು. ಬೆಳಿಗ್ಗೆ ಎದ್ದು ಕಟ್ಟಡ ನೋಡಲು ಹೊರಡಬೇಕು, ಛತ್ರದ ಚೌಕಿದಾರ ಓಡುತ್ತಾ ಬಂದ. ಮುದುಕ ಸಾಬ. ದಂಡು ರಾಜ್ಯದೊಳಗೆ ಬಂದುಬಿಟ್ಟಿದೆ, ರೈಲು ನಿಂತಿದೆ, ಯಾರೂ ಹೊಸ್ತಿಲು ದಾಟಬೇಡಿ ಎಂದ. ಒಳಗೆ ಜನರಿದ್ದಾರೆಂದು ಬೀದಿಗೆ ಗೊತ್ತಾಗಬಾರದೆಂದು ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ಆ ಬೀಗದ ಸಪ್ಪಳ ಕೇಳಿದಾಗಲೇ ನನ್ನ ಕೈ ಸೊಂಟಕ್ಕೆ ಹೋಯಿತು. ಮನೆಯ ಪೆಟ್ಟಿಗೆಯ ಕೀಲಿಕೈ ಅಲ್ಲೇ ಇತ್ತು.

ಆ ಛತ್ರದಲ್ಲಿ ಒಂದು ಪಡಸಾಲೆ, ಒಂದು ಅಂಗಳ, ಅಂಗಳದಲ್ಲಿ ಒಂದು ಬಾವಿ. ಬಾವಿಯ ಗಾಲಿ ಕಿರುಗುಟ್ಟಿದರೆ ಬೀದಿಗೆ ಕೇಳುತ್ತದೆಂದು ತಲೆಗೆ ಹಚ್ಚುವ ಎಣ್ಣೆಯನ್ನೆಲ್ಲ ಅದಕ್ಕೇ ಸುರಿದೆವು. ಕೆಮ್ಮು ಬಂದವರು ಸೆರಗು ಕಚ್ಚಿಕೊಳ್ಳುತ್ತಿದ್ದರು. ಬೀದಿಯಲ್ಲಿ ತರಕಾರಿಯವನ ಕೂಗಿಲ್ಲ, ಟಾಂಗಾದ ಗಂಟೆ ಇಲ್ಲ. ಒಮ್ಮೊಮ್ಮೆ ಮೇಲೆ ವಿಮಾನ ಹೋಗುತ್ತಿತ್ತು, ಆಗ ಎಲ್ಲರೂ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆವು. ಅಂಗಳದ ಮೇಲೆ ಕಾಣುವ ಆಕಾಶದ ತುಂಡನ್ನು ನೋಡುತ್ತಾ, ಇದೇ ಮೋಡ ಗದ್ವಾಲಿಗೆ ಹೋಗಬಹುದು, ನಾನು ಹೋಗಲಾರೆ ಎಂದುಕೊಳ್ಳುತ್ತಿದ್ದೆ. ಮಗಳಿಗೆ ಈಗಲೇ ಹೆರಿಗೆಯ ಬ್ಯಾನೆ ಶುರುವಾದರೆ? ತುಪ್ಪ ಬೀಗದೊಳಗೆ, ಸೀರೆ ಬೀಗದೊಳಗೆ, ತಾಯಿ ಇನ್ನೊಂದು ಬೀಗದೊಳಗೆ.

ನಮ್ಮ ಜೊತೆ ನಾರಾಯಣಪೇಟೆಯ ಸೀರೆ ಸಾವುಕಾರರೊಬ್ಬರು ಬಂದಿದ್ದರು. ಮೊದಲ ದಿನವೆಲ್ಲ ಅವರು ಮಾಸ್ತರರನ್ನು ಕುಟುಕಿದ್ದೇ ಕುಟುಕಿದ್ದು. ಊರು ತೋರಿಸುತ್ತೇನೆಂದು ಕರೆತಂದು ಬಾವಿ ತೋರಿಸಿದಿರಿ ಎನ್ನುವರು. ಮರುದಿನ ಮಾಸ್ತರರು ಒಲೆಯಿಂದ ಇದ್ದಿಲು ತಂದು ಪಡಸಾಲೆಯ ನೆಲದ ಮೇಲೆ ಬರೆಯತೊಡಗಿದರು. ಈ ಗೋಡೆಯಿಂದ ಆ ಗೋಡೆಯವರೆಗೆ ವಿದ್ಯಾಲಯವೇ ಎದ್ದಿತು: ಮೆಟ್ಟಿಲು, ಕಮಾನು, ಪಾಠದ ಕೋಣೆಗಳು, ಅವರು ಹಿಂದಿನ ಸಾಲಿನಲ್ಲಿ ಕೂತ ಜಾಗ. ಆಮೇಲೆ ಎದ್ದು ನಿಂತು, ಪಿಸುಮಾತಿನಲ್ಲಿ, ಬರ್ರಿ ಎಂದು ಕರೆದರು. ನಾವು ಒಬ್ಬರ ಹಿಂದೊಬ್ಬರು ಬರಿಗಾಲಲ್ಲಿ ಆ ಗೆರೆಗಳ ಮೇಲೆ ಹೊರಟೆವು. ಹೊಸ್ತಿಲು ಬರೆದ ಕಡೆ ಎಲ್ಲರೂ ಕಾಲೆತ್ತಿ ದಾಟಿದೆವು, ಯಾರೂ ಹೇಳಿರಲಿಲ್ಲ. ಸಾವುಕಾರರು ಮಾತ್ರ ಮೆಟ್ಟಿಲ ಬಳಿ ನಿಂತುಬಿಟ್ಟರು.

“ಮಾಸ್ತರ, ಈ ಮೆಟ್ಟಲ ಭಾಳ ಎತ್ತರ ಅದಾವ. ನನ್ನ ಮಣಕಾಲು ಹಿಡಕೊಂಡಾವ. ನೀವು ನೋಡಿ ಬರ್ರಿ, ನಾ ಇಲ್ಲೇ ಕೂಡ್ತೀನಿ.”

ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ನಗುತ್ತಲೇ ನನಗೆ ಅಳು ಬಂತು. ಪಾಠದ ಕೋಣೆಯ ಗೆರೆಯೊಳಗೆ ಕೂತು ಅತ್ತೆ, ಅಲ್ಲೂ ಸದ್ದು ಮಾಡುವ ಹಾಗಿರಲಿಲ್ಲ.

ಅಕ್ಕಿ ತಳ ಕಂಡ ಮಧ್ಯಾಹ್ನ ನನ್ನ ಸೊಂಟ ಇದ್ದಕ್ಕಿದ್ದಂತೆ ಸೀಳಿದ ಹಾಗೆ ನೋಯತೊಡಗಿತು. ಮಗಳ ಬ್ಯಾನೆಯೇ ನನಗೆ ಬಂದು ಮುಟ್ಟಿತೆಂದು ನಾನು ಇಂದಿಗೂ ನಂಬುತ್ತೇನೆ, ಯಾರು ನಕ್ಕರೂ ಚಿಂತೆಯಿಲ್ಲ. ಎದ್ದು ಹೋಗಿ ಬಾಗಿಲ ಸಂದಿಗೆ ಬಾಯಿಟ್ಟೆ.

“ಬಾಗಿಲು ತೆಗೀರಿ ಚಾಚಾ. ನನ್ನ ಮಗಳು ಹಡಿಯಾಕ ಬಂದಾಳ. ರೈಲು ಇಲ್ಲಂದ್ರ ನಡಕೊಂಡು ಹೋಗ್ತೀನಿ.”

ಆಚೆಯಿಂದ ಚೌಕಿದಾರ ಅರ್ಧ ಉರ್ದು ಅರ್ಧ ನಮ್ಮ ಮಾತಿನಲ್ಲಿ ಹೇಳಿದ.

“ನನ್ನ ಬೇಟಿ ಈ ಹೊಳಿ ಆಚೆ ಕಡಿ ಅದಾಳಮ್ಮಾ. ಕೂಗಿದ್ರ ಕೇಳೋವಷ್ಟು ದೂರ. ನಾನೂ ಹೋಗಿಲ್ಲ.”

ಬಾಗಿಲಿಗೆ ನಾನು ಈ ಕಡೆಯಿಂದ ಒರಗಿ ಕೂತೆ. ಅವನು ಆ ಕಡೆ ಕೂತದ್ದು ಹಲಗೆ ಅಲುಗಿದ್ದರಿಂದ ತಿಳಿಯಿತು.

ಇನ್ನೊಂದು ಸಂಜೆ ಪಕ್ಕದ ಮನೆಯ ರೇಡಿಯೋ ಜೋರಾಯಿತು, ಬೀದಿಯಲ್ಲಿ ಕೂಗು ಎದ್ದಿತು. ನಿಜಾಮರು ಸೋಲೊಪ್ಪಿದರು ಎಂದು ಮಾಸ್ತರರು ಹೇಳಿದರು. ಮರುದಿನ ಚೌಕಿದಾರ ಬಾಗಿಲು ತೆಗೆದ. ಅವನ ಮುಖ ನೋಡಿ ನಾವು ಹೊರಬರಲು ಅನುಮಾನಿಸಿದೆವು. ಬೀದಿಯ ಕೂಗಿಗೆ ಈಗ ಹೆದರಿದವನು ಅವನು. ನೀವು ಹೋಗುವಾಗ ನನ್ನನ್ನು ಒಳಗೆ ಹಾಕಿ ಬೀಗ ಹಾಕಿರಿ ಎಂದು ಕೇಳಿದ. ಮಾಸ್ತರರು ಬೀಗ ಹಾಕಿ ಕೀಲಿಯನ್ನು ಕಿಟಕಿಯಿಂದ ಅವನ ಕೈಗೆ ಕೊಟ್ಟರು. ಉಳಿದಿದ್ದ ಅವಲಕ್ಕಿಯ ಗಂಟನ್ನು ನಾನು ಅದೇ ಕಿಟಕಿಯಿಂದ ಕೊಟ್ಟೆ. ಅವನು ಮಗಳನ್ನು ಸೇರಿದನೋ ಇಲ್ಲವೋ ನನಗೆ ತಿಳಿಯದು. ಮೊಮ್ಮಗಳನ್ನು ಎತ್ತಿಕೊಂಡಾಗಲೂ ಒಮ್ಮೊಮ್ಮೆ ಅದು ನೆನಪಾಗುತ್ತದೆ.

ರೈಲು ಬಿಟ್ಟ ಮೇಲೂ ಬಿಡುಗಡೆ ಅನ್ನಿಸಲಿಲ್ಲ. ಡಬ್ಬಿಯಲ್ಲಿ ಕಾಲು ಊರಲು ಜಾಗವಿಲ್ಲ, ನಿಲ್ದಾಣಕ್ಕೊಂದು ತಪಾಸಣೆ. ಗದ್ವಾಲಿನಲ್ಲಿ ಇಳಿದು ನಮ್ಮ ಓಣಿಯ ತಿರುವಿಗೆ ಬಂದರೆ, ನನ್ನ ಮನೆಯ ಕಟ್ಟೆಯ ಮೇಲೆ ಬೀಗತಿ ನಿಂತಿದ್ದಾರೆ. ಕೃಷ್ಣಾ ನದಿ ದಾಟಿ ಇವರು ಇಲ್ಲಿಗೇಕೆ ಬಂದರು? ಮಗಳಿಗೇನಾದರೂ ಆಯಿತೇ? ಹೆಜ್ಜೆ ಮುಂದಿಡಲಾಗದೆ ಅಲ್ಲೇ ಗೋಡೆ ಹಿಡಿದುಕೊಂಡೆ.

ಅಷ್ಟರಲ್ಲಿ ಒಳಗಿನಿಂದ ಕೂಸು ಅತ್ತಿತು. ಎಂಥ ಗಂಟಲು ಅಂತೀರಿ.

ಹೈದರಾಬಾದಿನ ದಾರಿ ಮುಚ್ಚಿತೆಂದು ಮಖ್ತಲ್‌ನ ಸಂತೆಯಲ್ಲಿ ಕೇಳಿದ್ದೇ ತಡ, ನೀರು ಕಂಡರೆ ನಡುಗುವ ಬೀಗತಿ ಮಗನ ತೋಳು ಹಿಡಿದುಕೊಂಡು, ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ ಬಂದಿದ್ದರು. ಬಂದ ಮರುದಿನವೇ ಬ್ಯಾನೆ. ಪೆಟ್ಟಿಗೆಯ ಬೀಗ ಮುರಿಯಲು ಯಜಮಾನರಿಗೆ ಮನಸ್ಸಾಗದೆ, ಹಿಂದಿನ ಕೀಲುಗಳನ್ನು ಕಿತ್ತು ಮುಚ್ಚಳ ಎತ್ತಿದ್ದರಂತೆ. ಮುಂಬದಿಯಲ್ಲಿ ಬೀಗ ಹಾಗೇ ನೇತಾಡುತ್ತಿತ್ತು. ಕೂಸಿಗೆ ಮೊದಲ ನೀರು ಹಾಕಿದ್ದು ಬೀಗತಿ.

“ಕಾಲು ತೊಳಕೊಂಡು ಬರ್ರಿ ಬೀಗ್ರ,” ಎಂದರು. “ಊರು ನೋಡಿದ್ದಾತಿಲ್ಲೋ? ಈಗ ಮೊಮ್ಮಗಳ ನೋಡಾಕ ಪುರಸೊತ್ತು ಐತಿಲ್ಲೋ?”

ಬೇರೆ ದಿನವಾಗಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಅಂದು ಅವರ ಕೈ ಹಿಡಿದುಕೊಂಡೆ, ಬಿಡಲೇ ಇಲ್ಲ.

“ಇವತ್ತಿನ ನೀರು ಹಾಕಿಲ್ಲ,” ಎಂದು ಅವರೇ ಮೆಲ್ಲಗೆ ಹೇಳಿದರು. “ನೀವು ಬರ್ತೀರೇನೋ ಅಂತ ನಿನ್ನೆಯಿಂದ ದಾರಿ ಕಾಯಾಕತ್ತೀನಿ.”

ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡೆ. ಬೀಗತಿ ನೀರು ಹೊಯ್ದರು, ನಾನು ತಿಕ್ಕಿದೆ. ಹೀಗಲ್ಲ ಹಾಗೆ ಎಂದು ಇಬ್ಬರೂ ಜಗಳವಾಡಿದೆವು.

ನಮ್ಮಲ್ಲಿ ಪುರುಡಿನ ಮೈಲಿಗೆ ಹಿಡಿಯುವುದಿಲ್ಲ, ಹಾಗಾಗಿ ಆ ಸಂಜೆ ಎಲ್ಲರೂ ಒಂದೇ ಪಂಕ್ತಿ. ಬಾಣಂತಿಯ ಕೋಣೆಯ ಬಾಗಿಲಿಗೇ ಸಾಲು ಹಿಡಿದು ಕೂತೆವು, ಮಗಳು ಒಳಗೆ ತನ್ನ ತುಪ್ಪದನ್ನ ಹಿಡಿದುಕೊಂಡು, ನಾವು ಹೊರಗೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅಳಿಯ ನಾಚಿಕೊಂಡು ಎರಡೇ ಸಾಕು ಎಂದು ಐದು ತಿಂದ. ಯಜಮಾನರು ಕೊಬ್ಬರಿ ಬೇಡಿದರು, ಬೀಗತಿ ಕೊಡಲಿಲ್ಲ. ನಾನು ಬಡಿಸುತ್ತೇನೆಂದು ಎದ್ದರೆ ಬೀಗತಿ ಸೆರಗು ಹಿಡಿದು ಕೂಡಿಸಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.