ಕೋಟೆಗೆ ಹಾಕಿದ ಪ್ರದಕ್ಷಿಣೆ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಫೋಟೋದ ಮೇಲೆ ಹಾಗೆಂದು ಇದೆ. ಹೋದ ತಿಂಗಳು, ನಾವು ನೆಲೆಸಿರುವ ಪರದೇಶದ ಊರಿನ ಸೌತ್ ಲೇಕ್ ಯೂನಿಯನ್‌ನಲ್ಲಿ ಟ್ರಾಮಿನಂಥ ಸ್ಟ್ರೀಟ್‌ಕಾರ್‌ಗೆ ಕಾಯುತ್ತಿದ್ದಾಗ ಫೋನು ತಾನಾಗಿಯೇ ಅದನ್ನು ಎತ್ತಿ ತೋರಿಸಿತು: ಎರಡು ವರ್ಷದ ಹಿಂದಿನ ಸವಿನೆನಪಂತೆ. ಕೋಟೆಯ ಮೋಟುಗೋಡೆಗೆ ಮೊಣಕೈ ಊರಿ ನಮ್ಮ ಭಾವ ನಗುತ್ತಿದ್ದಾರೆ. ಸವಿ ಎಂದು ಯಾವ ಯಂತ್ರ ತೀರ್ಮಾನಿಸಿತೋ ಕಾಣೆ. ಸ್ಟ್ರೀಟ್‌ಕಾರ್ ಬಂತು, ಹೋಯಿತು. ನಾನು ಹತ್ತಲಿಲ್ಲ.

ನಿಮಗೆ ಆ ಊರನ್ನು ತೋರಿಸಬೇಕು. ಇಟಲಿಯ ನಡುಭಾಗದಲ್ಲಿ, ಗುಡ್ಡದ ನೆತ್ತಿಯ ಮೇಲೆ, ಕಾರನ್ನು ಹೊರಗೇ ಬಿಟ್ಟು ಹತ್ತಬೇಕಾದಂಥ ಊರು. ಒಂದು ಹೆಬ್ಬಾಗಿಲು, ಹಗ್ಗ ಉಜ್ಜಿ ಉಜ್ಜಿ ಅಂಚು ಸವೆದ ಒಂದು ಬಾವಿ, ಗಂಟೆಯನ್ನು ತಪ್ಪಾಗಿ ಹೊಡೆಯುವ ಒಂದು ಇಗರ್ಜಿ, ಎಲ್ಲಕ್ಕೂ ಮೇಲೆ ಕೋಟೆ. ಟಿಕೆಟ್ ಕೊಡುವ ಮುದುಕಿ ಚರಿತ್ರೆಯನ್ನೂ ಕೊಡುತ್ತಿದ್ದಳು. ಕಣಿವೆಯಲ್ಲಿ ಸಾಗುವ ಉಪ್ಪಿನ ಗಾಡಿಗಳ ಮೇಲೆ ಕಣ್ಣಿಡಲು ಯಾವನೋ ಪಾಳೆಯಗಾರ ಕಟ್ಟಿಸಿದ್ದಂತೆ. ಎರಡು ಸಲ ಮುತ್ತಿಗೆ ಹಾಕಿದರೂ ಗೋಡೆ ಜಗ್ಗಲಿಲ್ಲವಂತೆ. ಆಮೇಲೆ ಆ ವಂಶ ಅಳಿದು, ಊರವರೇ ಕಲ್ಲು ಕಿತ್ತು ಮನೆ ಕಟ್ಟಿಕೊಂಡರಂತೆ. “ಶತ್ರುಗಳಲ್ಲ, ನಮ್ಮವರೇ ಕೆಡವಿದ್ದು,” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ನಾವೂ ನಕ್ಕೆವು.

ಕೋಟೆಯ ಸುತ್ತ ಗೋಡೆಯಂಚಿನಲ್ಲಿ ಒಂದು ಕಲ್ಲುಹಾದಿ. ಬಾಣದ ಗುರುತು ಬಲಕ್ಕೆ ತೋರಿಸುತ್ತಿತ್ತು. ಮೈಸೂರಿನಲ್ಲಿ ಗುಡಿ ಸುತ್ತಿ ಸುತ್ತಿ ಬೆಳೆದ ಅಕ್ಕತಂಗಿಯರಿಬ್ಬರೂ ಅಲ್ಲೇ ನಿಂತೆವು. ಕೋಟೆಯೊಳಗೆ ಯಾವನೋ ಸಂತನದೊಂದು ಪುಟ್ಟ ಗುಡಿ ಇತ್ತಲ್ಲ.

“ಬಲಕ್ಕೆ ಹೋದ್ರೆ ಅಪ್ರದಕ್ಷಿಣೆ ಆಗತ್ತೆ ಕಣೇ,” ಎಂದಳು ಅಕ್ಕ, ಅರ್ಧ ತಮಾಷೆಗೆ.

“ಸರಿ, ಎಡಗಡೆಯಿಂದ್ಲೇ ಹೋಗೋಣ,” ಎಂದೆ, ಪೂರ್ತಿ ತಮಾಷೆಗೆ.

“ಒನ್ ವೇ ಅದು. ಇಲ್ಲಿಗೆ ಬಂದ್ರೂ ರಾಂಗ್ ಸೈಡ್ ಬುದ್ಧಿ ಬಿಡಲ್ವಲ್ಲ ನೀವು!” ಎಂದ ಭಾವನೇ ಮೊಣಕಾಲೆತ್ತರದ ಸರಪಳಿಯನ್ನು ಎಲ್ಲರಿಗಿಂತ ಮೊದಲು ದಾಟಿದರು.

ಭಾವನ ಕೆಲಸ ಇಲ್ಲೇ ಹತ್ತಿರದ ಕೆಂಟ್‌ನ ಒಂದು ಕಾರ್ಖಾನೆಯಲ್ಲಿ, ವಿಮಾನದ ಬಿಡಿಭಾಗಗಳ ತಪಾಸಣೆ. ಕೂದಲೆಳೆಯಷ್ಟು ಬಿರುಕು ಕಂಡರೂ ಮಾಲನ್ನು ವಾಪಸು ಕಳಿಸುವವರು. ಆ ಗೋಡೆಯನ್ನು ಮಾತ್ರ ಅಂಗೈಯಿಂದ ತಟ್ಟಿ, “ಇಷ್ಟು ಶತಮಾನ ನಿಂತಿದೆ, ಇನ್ನೇನು ಬೀಳತ್ತೆ?” ಎಂದರು.

ನಾನು ಹತ್ತು ಹೆಜ್ಜೆ ಮುಂದಿದ್ದೆ. ಬುರುಜಿನ ತಿರುವಿನಲ್ಲಿ ಹಾದಿಗೆ ಅಡ್ಡಲಾಗಿ ಕೆಂಪು-ಬಿಳಿ ಪಟ್ಟಿ ಕಟ್ಟಿದ್ದು ಕಂಡಿತು. ಪಕ್ಕದಲ್ಲೊಂದು ಫಲಕದ ಬೆನ್ನು. ಬಾಣದ ಗುರುತು ಹಿಡಿದು ಆ ಕಡೆಯಿಂದ ಬಂದವರಿಗೆ ಅದರ ಮುಖ ಕಾಣುತ್ತಿತ್ತು. ಜನ ಬರಬಾರದೆಂದು ಮುಚ್ಚಿದ ಜಾಗದೊಳಗೇ ನಾವು ನಿಂತಿದ್ದೇವೆಂದು ತಿಳಿಯಲು ಇಂಜಿನಿಯರಿಂಗ್ ಪದವಿ ಬೇಕಿರಲಿಲ್ಲ. ನನ್ನ ಬಳಿ ಅದೂ ಇತ್ತು. ಆದರೆ ಬಾಯಿಬಿಟ್ಟರೆ ಭಾವ ಸಂಜೆಯವರೆಗೂ ಅಣಕಿಸುತ್ತಾರೆ. ಬಿಸಿಲು ಬೇರೆ ಚೆನ್ನಾಗಿ ಬಿದ್ದಿತ್ತು. ತಿರುಗಿ ಬಂದು, “ಭಾವ, ಅಲ್ಲೇ ಒರಗಿ ನಿಂತ್ಕೊಳ್ಳಿ, ಒಂದು ಫೋಟೋ ತೆಗೆದು ವಾಪಸ್ ಹೋಗೋಣ,” ಎಂದೆ.

ಹಲ್ಲು ಕಡಿದಂಥ ಸದ್ದಾಯಿತು. ಗೋಡೆ, ಭಾವ ಎರಡೂ ಅಲ್ಲಿರಲಿಲ್ಲ.

ಎರಡಾಳೆತ್ತರದಷ್ಟು ಕೆಳಗಿನ ಆಲಿವ್ ತೋಟದ ಅಂಚಿನಲ್ಲಿ ಬಿದ್ದಿದ್ದರು. ಅದರಾಚೆ ಬರೀ ಕಣಿವೆ. “ರೀ, ಮಾತಾಡ್ರೀ!” ಎಂದು ಅಕ್ಕ ಕೂಗುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ, “ಫೋಟೋ ಬಂತಾ?” ಎಂಬ ದನಿ ಕೇಳಿಸಿತು.

ತೊಡೆಯ ಮೂಳೆ ಮುರಿದಿತ್ತು. ಈಗ ಕೋಲು ಹಿಡಿದು ನಡೆಯುತ್ತಾರೆ. ಯಾರ ಮನೆಯ ಊಟಕ್ಕೆ ಹೋದರೂ ಉಪ್ಪಿನ ಗಾಡಿಯಿಂದ ಶುರುಮಾಡಿ ಪೂರ್ತಿ ಕಥೆ ಹೇಳಿ, “ಇವಳ ಪ್ರದಕ್ಷಿಣೆ, ನನ್ನ ಕಾಲು!” ಎಂದು ಅಕ್ಕನತ್ತ ತೋರಿಸಿ ಮುಗಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಅಕ್ಕನ ಹೊರತು. ಅಂದಿನಿಂದ ಅವಳು ಇಲ್ಲಿನ ಗುಡಿಯಲ್ಲಿ ಸುತ್ತು ಬರುವುದನ್ನೇ ಬಿಟ್ಟಿದ್ದಳು. ಎದುರು ನಿಂತು ಕೈಮುಗಿದು, ತಲೆತಗ್ಗಿಸಿ ಹೊರಗೆ ಬಂದುಬಿಡುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಫೋಟೋದಲ್ಲಿ ಆ ಪಟ್ಟಿ ಇಲ್ಲ. ಅದು ನನ್ನ ಬೆನ್ನ ಹಿಂದಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಮಾತ್ರ ಎದುರಿಗೆ ಬಂದು ನಿದ್ದೆ ಕೆಡಿಸುತ್ತಿತ್ತು.

ಸ್ಟ್ರೀಟ್‌ಕಾರ್ ತಪ್ಪಿಸಿಕೊಂಡ ವಾರವೇ, ಭಾನುವಾರ, ಅವರ ಮನೆಗೆ ಹೋದೆ. ಅಕ್ಕ ಹುರುಳಿಕಾಯಿ ಬಿಡಿಸುತ್ತಿದ್ದಳು.

“ದಾರಿ ಮುಚ್ಚಿದ್ದು ನಂಗೆ ಕಂಡಿತ್ತು ಅಕ್ಕ. ಕಂಡಮೇಲೇ ಭಾವನ್ನ ಅಲ್ಲಿ ನಿಲ್ಲಿಸಿದ್ದು.”

ಭಾವ ಕೋಲನ್ನು ಹಿಡಿದು ಎದ್ದು ಒಳಗೆ ಹೋದರು.

“ಎರಡು ವರ್ಷ ನಾನು ಗುಡಿ ಸುತ್ತಿಲ್ಲ,” ಎಂದಳು ಅಕ್ಕ. “ನೋಡ್ತಾನೇ ಇದ್ದೆಯಲ್ಲೇ ನೀನು?”

ಹೊರಡುವಾಗ ಪ್ರತಿಸಲ ಕೈಗಿಡುತ್ತಿದ್ದ ಸಾರಿನಪುಡಿಯ ಡಬ್ಬಿ ಇರಲಿಲ್ಲ. ಬಾಗಿಲವರೆಗೂ ಅವಳು ಬರಲಿಲ್ಲ. ಆಮೇಲೆ ಫೋನೂ ಇಲ್ಲ. ಭಾವ ಆ ಕಥೆ ಹೇಳುವುದನ್ನು ನಿಲ್ಲಿಸಿದ್ದಾರೆಂದು ಬೇರೆಯವರಿಂದ ಕೇಳಿದೆ.

ಮೊನ್ನೆ ಶನಿವಾರ ಗುಡಿಯಲ್ಲಿ ಕಂಡರು. ಕೋಲೂರಿ ನಡೆಯುವ ಗಂಡನ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು, ಗರ್ಭಗುಡಿಯನ್ನು ಬಲಕ್ಕಿಟ್ಟುಕೊಂಡು ಅಕ್ಕ ಸುತ್ತುತ್ತಿದ್ದಳು. ಮೂರನೆಯ ಸುತ್ತಿನಲ್ಲಿ ಅವಳ ಸೆರಗು ನನ್ನ ಕೈಗೆ ತಾಗಿತು. ಅವಳು ತಿರುಗಿ ನೋಡಲಿಲ್ಲ.

ಅಂದು ರಾತ್ರಿ ಮಲಗಿದವಳು ಕಣ್ಣು ಬಿಟ್ಟಾಗ ಬೆಳಗಾಗಿತ್ತು.